ಹಿಡಿಯಿಲ್ಲದ ಬಾಗಿಲಿನ ಕಾರು

ಮೊನ್ನೆ ನಮ್ಮ ಮನೆಯ ನೀರಿನ ಟ್ಯಾಂಕಿ ಬಿರುಕು ಬಿಟ್ಟು ಪ್ಲಂಬರ್ ಬಂದಿದ್ದ. ಎರಡು ಟ್ಯೂಬುಗಳಿಂದ ಅಷ್ಟಷ್ಟು ಅಂಟು ಹಿಂಡಿ, ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಕಡ್ಡಿಯಿಂದ ಕಲಸತೊಡಗಿದ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಒಲೆ ಆರಿಸಿ ಬಂದು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತೆ. ಅವನು ಗಾಬರಿಯಾಗಿ, "ಎಂತ ಅಮ್ಮಾ, ಕೆಲಸ ಸರಿ ಆಗ್ಲಿಲ್ವಾ?" ಎಂದ. "ಕೆಲಸ ಸರಿ ಉಂಟು ಮಾರಾಯ. ನಾನು ವಾಸನೆ ನೋಡ್ಲಿಕ್ಕೆ ಬಂದದ್ದು" ಎಂದೆ. ಅರುವತ್ತರ ಹತ್ತಿರದ ಹೆಂಗಸು ಅಂಟಿನ ವಾಸನೆಗೆ ಹೀಗೆ ಓಡಿ ಬಂದರೆ ಯಾರಿಗಾದರೂ ಏನನ್ನಿಸಬೇಕು, ನೀವೇ ಹೇಳಿ! ಅವನು ಆ ಕಾಗದವನ್ನು ಒಂದು ಮೊಳ ಆಚೆ ಸರಿಸಿದ.

ಅವನಿಗೆ ಏನು ಗೊತ್ತು, ಆ ವಾಸನೆಯಲ್ಲಿ ನನ್ನ ಹದಿನೇಳನೆಯ ವಯಸ್ಸು ಇದೆ ಎಂದು.

ಅದು ಎಂಬತ್ತಮೂರೋ ಎಂಬತ್ತನಾಲ್ಕೋ ಇಸವಿ. ನಮ್ಮ ಮನೆ ಸವಣೂರಿನಲ್ಲಿ. ನಾನು ದಿನಾ ಪುತ್ತೂರಿಗೆ ಹೋಗಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಹೋಗಿ ಬರುತ್ತಿದ್ದೆ ಎಂದರೆ ಸತ್ಯಕ್ಕೆ ಹತ್ತಿರ. ಅಪ್ಪ, ಎಲ್ಲರ ಬಾಯಲ್ಲಿ ಸಂಜೀವಣ್ಣ, ಕಡಬದಿಂದ ಸವಣೂರಿನ ಮೇಲಾಗಿ ಪುತ್ತೂರಿಗೆ ಓಡುವ ಕೆಂಪು ಬಸ್ಸಿನ ಡ್ರೈವರ್. ಆ ಬೇಸಗೆಯಲ್ಲಿ ಅಮ್ಮನ ತಮ್ಮ, ಬೊಂಬಾಯಿಯ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿದ್ದ ಜಗನ್ನಾಥ ಮಾವ ರಜೆಯಲ್ಲಿ ಬಂದರು. ಅವರ ಟ್ರಂಕಿನಿಂದ ಬಂದ ಸಾಮಾನುಗಳಲ್ಲಿ ಹಳದಿ ಬಣ್ಣದ, ಗೇಣಿಗಿಂತ ಚೂರು ಕಡಿಮೆ ಉದ್ದದ ಒಂದು ಗಟ್ಟಿ ಇತ್ತು. ಅಮ್ಮ ಅದನ್ನು ಸೀದಾ ಬಟ್ಟೆ ಒಗೆಯುವ ಕಲ್ಲಿಗೆ ಒಯ್ದರು. ಐದು ನಿಮಿಷ ಕಳೆದು ಅಲ್ಲಿಂದಲೇ ಕೂಗಿದರು, "ಜಗ್ಗಾ, ಎಂತ ಸಾಬೂನು ತಂದದ್ದು ಮಾರಾಯ? ನೊರೆಯೇ ಬರುದಿಲ್ಲ!"

ಮಾವ ಚಪ್ಪಲಿಯೂ ಹಾಕದೆ ಓಡಿದರು. "ಅಕ್ಕಾ, ಅದು ಸಾಬೂನಲ್ಲ, ಕಾರು!"

(ಇದೆಲ್ಲ ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ. ತುಳುವಿನಲ್ಲಿ ಅಮ್ಮನ ಸಿಟ್ಟಿಗೆ ಇನ್ನೂ ಒಂದು ತೂಕ ಹೆಚ್ಚು ಎಂದು ತಿಳಿದುಕೊಳ್ಳಿ.)

ಸಂಗತಿ ಇಷ್ಟೆ. ಮಾವನ ಹೋಟೆಲಿಗೆ ದಿನಾ ಚಹಾ ಕುಡಿಯಲು ಬರುವ ಪಾರ್ಸಿ ಮುದುಕರೊಬ್ಬರಿಗೆ ಮಾದರಿ ಕಾರು ಮಾಡುವ ಹುಚ್ಚು. ರೆಸಿನ್ ಎಂಬ ದ್ರವವನ್ನು ಅಚ್ಚಿಗೆ ಹೊಯ್ದು, ಹಳೆಯ ಕಾಲದ ಇಂಗ್ಲೆಂಡಿನ ಓಟದ ಕಾರುಗಳ ಮೈ ತೆಗೆಯುತ್ತಿದ್ದರು. ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು ಅಳತೆ. ಇದು ಕೆಟ್ಟುಹೋದ ಒಂದು ಎರಕ. ಮೈತುಂಬ ಗಾಳಿಯ ತೂತು, ಬೇಡದಲ್ಲಿ ಗುಳ್ಳೆ, ಅಂಚಿನಲ್ಲೆಲ್ಲ ಜೋತುಬಿದ್ದ ಚರ್ಮದಂಥ ಪದರ. ಎಡಗಡೆಯ ಮಡ್‌ಗಾರ್ಡಂತೂ ಹಲ್ಲುನೋವಿನವರ ಕೆನ್ನೆಯಂತೆ ಊದಿತ್ತು. ಎಸೆಯಲು ಹೊರಟದ್ದನ್ನು ಮಾವ ಕೇಳಿ ಇಸಕೊಂಡಿದ್ದರು. ಚಕ್ರವಿಲ್ಲ, ಸೀಟಿಲ್ಲ, ಗಾಜಿಲ್ಲ, ಬರೀ ಮೈ.

ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದರು. ನಾನು ಕುಣಿಯುತ್ತ ಅದನ್ನು ಅವರ ಕೈಗಿಟ್ಟೆ. ಅಪ್ಪ ಅಂಗಳದ ಬೆಳಕಿಗೆ ಹೋಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಉದ್ದ ಮೂತಿ, ಹಿಂದಕ್ಕೆ ಇಳಿದ ಸಣ್ಣ ಬೆನ್ನು, ನಡುವೆ ಇಬ್ಬರೇ ಕೂರುವಷ್ಟು ಗುಂಡಿ. ಅಪ್ಪನ ಮುಖ ಅರಳಿತು.

"ಇದೇ ಭಾವ, ಇದೇ ಕಾರು! ನಾನು ಬಿಟ್ಟದ್ದು ಇದನ್ನೇ!"

ಅಮ್ಮ ಒಳಗಿನಿಂದ, "ಪುನಃ ಶುರುವಾಯ್ತು" ಎಂದರು.

ಏನು ಶುರುವಾಯಿತು ಎಂದು ಹೇಳುತ್ತೇನೆ. ಹತ್ತು ವರ್ಷ ಹಿಂದೆ, ನಾನಿನ್ನೂ ಶಾಲೆಗೆ ಸೇರಿದ ಹೊಸತರಲ್ಲಿ, ಅಪ್ಪ ರಜೆ ಹಾಕಿ ಸುಳ್ಯ–ಪುತ್ತೂರು ರಸ್ತೆಯ ಕಾವು ಎಂಬ ಊರಿನಲ್ಲಿರುವ ತನ್ನ ಅಕ್ಕನ ಮನೆಗೆ ಹೋಗಿದ್ದರು. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ನಾಯಿ ಕೂಡ ಇಲ್ಲ. ಸುಳ್ಯ ಕಡೆಯಿಂದ ಬಂದ ಒಂದು ಕೆಂಪು ತೆರೆದ ಕಾರು ಅಪ್ಪನ ಮುಂದೆ ನಿಂತಿತು. ಬಿಡುತ್ತಿದ್ದವರು ಕೊಡಗಿನ ಕಡೆಯ ಕಾಫಿ ತೋಟದ ಸಾಹುಕಾರರು. ಅವರ ಬಲಗೈಗೆ ದಾರಿಯಲ್ಲಿ ಕಣಜ ಕಡಿದು ಕೈ ಊದಿ ಕುಂಬಳಕಾಯಿ. ಗೇರು ಹಾಕಬಹುದು, ಸ್ಟಿಯರಿಂಗ್ ಹಿಡಿಯಲಾಗದು. "ನಿಮಗೆ ಡ್ರೈವಿಂಗ್ ಗೊತ್ತಾ?" ಎಂದು ಕೇಳಿದರಂತೆ. ನನ್ನ ಅಪ್ಪನನ್ನು! ಅಪ್ಪ ಅವರನ್ನು ಪಕ್ಕಕ್ಕೆ ಕೂರಿಸಿ ಪುತ್ತೂರಿನ ಆಸ್ಪತ್ರೆ ಬಾಗಿಲವರೆಗೆ ಆ ಕಾರು ಬಿಟ್ಟರು. ದಾರಿಯಲ್ಲಿ ಗುರುತಿನವರು ಒಬ್ಬರಾದರೂ ಸಿಗಬೇಡವೇ? ಸಿಗಲಿಲ್ಲ. ಸಿಕ್ಕಿದವರೆಲ್ಲ ಜಗಲಿಯಲ್ಲಿ ಮಲಗಿದ್ದರು.

ಅಪ್ಪ ಈ ಕತೆಯನ್ನು ಮೊದಲು ಬಹಳ ಚಂದ ಮಾಡಿ ಹೇಳುತ್ತಿದ್ದರಂತೆ. ತೊಂದರೆ ಆದದ್ದು ಒಂದು ವಿವರದಿಂದ. "ಆ ಕಾರಿನ ಬಾಗಿಲಿಗೆ ಹೊರಗಿಂದ ಹಿಡಿಯೇ ಇಲ್ಲ ಮಾರಾಯ್ರೆ. ಒಳಗೆ ಕೈ ಹಾಕಿ ಒಂದು ಸಪೂರ ಹಗ್ಗದ ಬಳ್ಳಿ ಎಳಿಬೇಕು, ಆಗ ಬಾಗಿಲು ತೆರೆಯುದು." ಅಷ್ಟು ಹೇಳಿದ್ದೇ ತಡ, ಸವಣೂರು ಪೇಟೆ ಬಿದ್ದು ಬಿದ್ದು ನಕ್ಕಿತು. ಹಿಡಿ ಇಲ್ಲದ ಬಾಗಿಲು! ಬಳ್ಳಿ ಎಳೆಯುವ ಕಾರು! ಅಪ್ಪನ ಬಸ್ಸಿನ ಕಂಡಕ್ಟರ್ ಬಾಬಣ್ಣನಿಗೆ ಅದು ಆಯುಷ್ಯವಿಡೀ ಸಾಕಾಗುವಷ್ಟು ಸರಕಾಯಿತು. ಬೆಳಿಗ್ಗೆ ಅಪ್ಪ ಬಸ್ಸು ಹತ್ತುವಾಗ, "ಸಂಜೀವಣ್ಣ, ಇದಕ್ಕೆ ಹಿಡಿ ಉಂಟು. ತೆರೆಯುದು ಹೇಗೆ ಗೊತ್ತುಂಟಲ್ಲ?" ಎನ್ನುವನು. ಪ್ಯಾಸೆಂಜರುಗಳು ಕಿಸಕ್ಕನೆ ನಗುವರು. ಬಾಬಣ್ಣ ಕೆಟ್ಟವನಲ್ಲ, ಬಾಯಿ ಮಾತ್ರ ಹಾಗೆ. ಆದರೆ ನಗು ದಿನಾ ಬಿದ್ದರೆ ಯಾರಿಗಾದರೂ ಸಾಕಾಗುತ್ತದೆ. ಅಪ್ಪ ಕ್ರಮೇಣ ಆ ಕತೆ ಹೇಳುವುದನ್ನು ಬಿಟ್ಟರು. ಕತೆ ಹೇಳುವ ಅಪ್ಪ ಹೋಗಿ, "ಹ್ಞೂಂ", "ಆಯ್ತು" ಎನ್ನುವ ಅಪ್ಪ ಮನೆಯಲ್ಲಿ ಉಳಿದರು. ನನಗೆ ಅದು ಬೇಸರವಾಗುತ್ತಿತ್ತು.

ಈಗ ನೋಡಿ, ಆ ಕಾರಿನ ಮೈಯೇ ನಮ್ಮ ಮನೆಗೆ ಬಂದಿದೆ!

"ಅಪ್ಪಾ, ಇದನ್ನು ಪೂರಾ ಮಾಡುವಾ. ನೀವು ಹೇಳಿ, ನಾನು ಮಾಡ್ತೇನೆ" ಎಂದೆ. ಮಾವ, ಬೊಂಬಾಯಿಗೆ ಹೋದಮೇಲೆ ಪಾರ್ಸಿ ಮುದುಕರಲ್ಲಿ ಕೇಳಿ ನಿಜವಾದ ಕಾರಿನ ಫೋಟೋ ಕಳಿಸುತ್ತೇನೆ ಎಂದರು. ಅಪ್ಪ ಕೂಡಲೆ ಕೈ ಅಡ್ಡ ಮಾಡಿದರು. "ಫೋಟೋ ನಿಧಾನ ಬರಲಿ ಭಾವ. ಅದು ಬರುದರ ಮುಂಚೆ ನಮ್ಮ ಕಾರು ಮುಗೀಬೇಕು. ಫೋಟೋ ನೋಡಿ ಮಾಡಿದ್ರೆ ಕಾಪಿ ಹೊಡ್ದದ್ದು ಅಂತಾರೆ. ನಾವು ಮಾಡಿಟ್ಟ ಮೇಲೆ ಫೋಟೋ ಬಂದು ಸರಿ ಹೊಂದಿದ್ರೆ ಮತ್ತೆ ಯಾರು ಮಾತಾಡ್ತಾರೆ ನೋಡುವಾ!" ಅಪ್ಪ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳದೆ ವರ್ಷಗಳಾಗಿದ್ದವು. ನನಗೆ ಕೈಕಾಲು ನಿಲ್ಲಲಿಲ್ಲ.

ಅಂಚಿನ ಪದರಗಳನ್ನು ಕೆತ್ತಲು ಅಮ್ಮನ ಮೀನು ಕೊಯ್ಯುವ ಕತ್ತಿಯೇ ಆಗಬೇಕಾಯಿತು. ಅಮ್ಮ ಎರಡು ದಿನ ನನ್ನಲ್ಲಿ ಮಾತು ಬಿಟ್ಟರು. ಗ್ಯಾರೇಜಿನಿಂದ ಅಪ್ಪ ತಂದ ಉಜ್ಜುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿದೆ, ಉಜ್ಜಿದೆ, ಉಜ್ಜಿದೆ. ನನ್ನ ಬೆರಳಚ್ಚು ಅಳಿಸಿಹೋಗಿತ್ತು, ಆಗ ನಾನು ಕಳ್ಳತನ ಮಾಡಿದ್ದರೆ ಯಾವ ಪೊಲೀಸರೂ ಹಿಡಿಯುತ್ತಿರಲಿಲ್ಲ. ಊದಿದ ಎಡ ಮಡ್‌ಗಾರ್ಡ್ ಸರಿಮಾಡಲು ಹೋಗಿ ಬಲದ್ದಕ್ಕಿಂತ ಸಪೂರ ಮಾಡಿದೆ. ಮತ್ತೆ ಬಲದ್ದನ್ನು ಉಜ್ಜಿದೆ. ಅಪ್ಪ ಬಂದು ತಡೆಯದಿದ್ದರೆ ಕಾರು ಸೈಕಲ್ ಆಗುತ್ತಿತ್ತು.

ಗಾಳಿತೂತು ಮುಚ್ಚಲು ನನ್ನದೇ ಒಂದು ಬುದ್ಧಿವಂತಿಕೆ. ನೆಲ್ಯಾಡಿಯ ಸಹಪಾಠಿ ಅನ್ನಮ್ಮನ ಮನೆಯಲ್ಲಿ ರಬ್ಬರ್ ತೋಟ. ಅವಳಿಂದ ಔಷಧಿ ಬಾಟಲಿಯಲ್ಲಿ ರಬ್ಬರ್ ಹಾಲು ತರಿಸಿ ತೂತುಗಳಿಗೆಲ್ಲ ತುಂಬಿದೆ. ಒಣಗುವಾಗ ಎಂಥ ಚಂದ! ಮರುದಿನ ಅದರ ಮೇಲೆ ಉಜ್ಜುಕಾಗದ ಇಟ್ಟದ್ದೇ, ಎಲ್ಲ ತೂತಿನ ಹಾಲೂ ಸುರುಳಿಯಾಗಿ ಎದ್ದು ಬಂತು. ಕೊನೆಗೆ ಬಸ್ಸಿನ ತಗಡಿಗೆ ಮೆತ್ತುವ ಪುಟ್ಟಿಯೇ ಗತಿಯಾಯಿತು.

ಬಾಗಿಲಿನ ಗೆರೆಯ ಹತ್ತಿರ, ಸರಿಯಾಗಿ ಹಿಡಿ ಇರಬೇಕಾದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಒಂದು ಗುಳ್ಳೆ ಇತ್ತು. "ಇದು ಹಿಡಿಯಲ್ವಾ ಅಪ್ಪಾ?" ಎಂದೆ. "ಅದು ಎರಕದ ಗುಳ್ಳೆ. ಉಜ್ಜಿ ತೆಗಿ" ಎಂದರು. ಉಜ್ಜಿ ತೆಗೆದೆ. ಆದರೆ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತು.

ಮುಂದಿನ ಕೆಲಸವೆಂದರೆ ಹಬ್ಬ! ಆಸ್ಪತ್ರೆಯ ಕಸದ ಡಬ್ಬಿಗೆ ಹೋಗುವ ಇಂಜೆಕ್ಷನ್ ಬಾಟಲಿಯ ರಬ್ಬರ್ ಬಿರಡೆಗಳು ನರ್ಸಮ್ಮನ ದಯೆಯಿಂದ ಟಯರುಗಳಾದವು. ಮೋಟರಿನ ಸುರುಳಿ ಕಟ್ಟುವವರ ಅಂಗಡಿಯ ತಾಮ್ರದ ಸಪೂರ ತಂತಿ ಚಕ್ರದ ಕಡ್ಡಿಗಳಾಯಿತು. ಒಂದು ಚಕ್ರಕ್ಕೆ ಒಂದು ಆದಿತ್ಯವಾರ. ಅಜ್ಜಿಯ ಮೊಣಕಾಲಿನ ಎಕ್ಸ್‌ರೇ ಫಿಲ್ಮನ್ನು ಬಿಸಿನೀರು, ಬಟ್ಟೆ ಒಗೆಯುವ ಸೋಡಾದಲ್ಲಿ ನೆನೆಸಿ ತಿಕ್ಕಿದರೆ ಮೊಣಕಾಲು ಹೋಗಿ ಎದುರಿನ ಗಾಜು ಸಿಕ್ಕಿತು. ಮುಟ್ಟಾಳೆ ಟೊಪ್ಪಿ ಮಾಡುವ ಅಡಿಕೆ ಹಾಳೆ ಉಂಟಲ್ಲ, ಅದರ ಒಳಮೈಯಿಂದ ತೆಳ್ಳಗೆ ಒಂದು ಸಿಪ್ಪೆ ಏಳುತ್ತದೆ. ಅದಕ್ಕೆ ಚೂರು ಎಣ್ಣೆ ಕೈ ಮುಟ್ಟಿಸಿದರೆ ಥೇಟ್ ಚರ್ಮ. ಅದರಿಂದ ಸೀಟು ಹೊಲಿದೆ. ಇಂಗ್ಲೆಂಡಿನ ಸಾಹೇಬರ ಕಾರಿಗೆ ನಮ್ಮ ಮುಟ್ಟಾಳೆಯ ಸೀಟು! ನಾನೊಬ್ಬಳೇ ನಕ್ಕು ನಕ್ಕು ಸುಸ್ತಾದೆ.

ಒಳಗಿನ ಭಾಗ ಮಾಡುವಾಗ ಅಪ್ಪ ಒಂದು ವಿಧಾನ ಕಂಡುಹಿಡಿದರು. ಜಗಲಿಯಲ್ಲಿ ಮೋಟುಕಾಲಿನ ಮಣೆ ಇಟ್ಟು, ಅದರ ಮೇಲೆ ಕಾಲು ಚಾಚಿ ಕುಳಿತು, ಕಣ್ಣು ಮುಚ್ಚಿ ಕಾರು ಬಿಡುವುದು! "ಕಾವಿಂದ ಹೊರಟೆ... ಗೇರು ಇಲ್ಲಿ, ಹೆಬ್ಬೆಟ್ಟಿನಷ್ಟೇ ಉದ್ದ, ಕೈ ಬಿದ್ದಲ್ಲೇ ಸಿಗ್ತದೆ. ಹ್ಯಾಂಡ್‌ಬ್ರೇಕು ಎಡಗಾಲಿನ ಪಕ್ಕ. ಎದುರಿಗೆ ದೊಡ್ಡ ಗಡಿಯಾರ ಎರಡು, ಸಣ್ಣದು ಎರಡು... ಈಗ ಕುಂಬ್ರದ ತಿರುವು ಬಂತು..." ಅಪ್ಪನ ಕೈ ಗಾಳಿಯಲ್ಲಿ ತಿರುಗುವುದು, ಕಾಲು ಕ್ಲಚ್ಚು ಒತ್ತುವುದು. ನಾನು ಸ್ಕೇಲು ಹಿಡಿದು ಅಪ್ಪನ ಮೊಣಕಾಲಿಗೂ ಕೈಗೂ ಇರುವ ದೂರ ಅಳೆದು ಇಪ್ಪತ್ತನಾಲ್ಕರಿಂದ ಭಾಗಿಸುವುದು. ಗಣಿತದಲ್ಲಿ ಮೂವತ್ತೈದು ದಾಟದ ನಾನು! ಅಮ್ಮ ಸೊಪ್ಪು ಬಿಡಿಸುತ್ತ ನೋಡಿ ನೋಡಿ, "ಇಬ್ಬರೂ ಪುತ್ತೂರಿಗೆ ಮುಟ್ಟಿದ ಮೇಲೆ ಹೇಳಿ, ಊಟಕ್ಕೆ ಬಡಿಸ್ತೇನೆ" ಎಂದರು.

ಬಣ್ಣಕ್ಕೆ ಚಿಂತೆಯಿರಲಿಲ್ಲ. ಎಫ್.ಸಿ.ಗೆ, ಅಂದರೆ ವರ್ಷದ ಫಿಟ್‌ನೆಸ್ ಪರೀಕ್ಷೆಗೆ, ಹೋಗುವ ಮೊದಲು ಬಸ್ಸಿಗೆ ಹೊಸ ಬಣ್ಣ ಹೊಡೆಯುವ ಕ್ರಮವಿತ್ತು. ಪುತ್ತೂರಿನ ಗ್ಯಾರೇಜಿನಲ್ಲಿ ಪೇಂಟರ್ ಮೋನಪ್ಪಣ್ಣ ನಮ್ಮ ಬಸ್ಸಿನ ಜೊತೆಗೆ ಕಾರಿಗೂ ಅದೇ ಕೆಂಪು ಹೊಡೆಯಲು ಒಪ್ಪಿದರು. ಮರುದಿನ ಹೋಗಿ ನೋಡುತ್ತೇನೆ, ದೇವರೇ! ಕೆಂಪೇನೋ ಕನ್ನಡಿಯಂತೆ ಹೊಳೆಯುತ್ತಿದೆ. ಆದರೆ ಕಾರಿನ ಹಣೆಯಲ್ಲಿ "ಶ್ರೀ ದೇವಿ ಪ್ರಸಾದ", ಬದಿಯಲ್ಲಿ "ಕಡಬ–ಸವಣೂರು–ಪುತ್ತೂರು", ಹಿಂದೆ "ಹಾರ್ನ್ ಮಾಡಿ"! ಅದೂ ಎಂಥ ಮುದ್ದಾದ ಅಕ್ಷರ, ಇರುವೆ ಸಾಲಿನಂತೆ.

"ಮೋನಪ್ಪಣ್ಣ, ಇದೆಂತ ಮಾಡಿದ್ದು?"

"ಎಂತ ಅಂದ್ರೆ? ಬೋರ್ಡಿಲ್ಲದೆ ಗಾಡಿ ಲೈನಿಗೆ ಬಿಡ್ಲಿಕ್ಕೆ ಆಗ್ತದಾ ಮಾರಾಯ್ತಿ? ನಿನ್ನಪ್ಪನ ಗಾಡಿ ಅಂತ ಸ್ಪೆಷಲ್ಲಾಗಿ ಮಾಡಿದ್ದು. ನನ್ನ ಕಣ್ಣೇ ಹೋಯ್ತು."

ಅವರ ಕಣ್ಣಿನ ನೀರು ನೋಡಿ ನಾನು ಕಾರನ್ನು ಎತ್ತಿಕೊಂಡು ಹೊರಟೆ. ಮನೆಗೆ ತಂದು ಆ ಅಕ್ಷರಗಳನ್ನು ಉಜ್ಜಿ ತೆಗೆದು, ಡಬ್ಬಿಯ ತಳದಲ್ಲಿ ಉಳಿದಿದ್ದ ಕೆಂಪು ಸವರಿದೆ.

ಇನ್ನು ನನ್ನ ಪಾಪದ ಭಾಗ. ಇದನ್ನು ಬಿಟ್ಟು ಬರೆಯಬಹುದಿತ್ತು, ನಿಮ್ಮ ಮುಂದೆ ಏಕೆ ಮುಚ್ಚಿಡಲಿ?

ಕಾರು ಬಹುಪಾಲು ಮುಗಿದಿತ್ತು. ಮರುದಿನ ಬೆಳಿಗ್ಗೆ ಅಪ್ಪ ಅದನ್ನು ಸವಣೂರು ಪೇಟೆಯ ಹೋಟೆಲಿಗೆ ಒಯ್ದು ಎಲ್ಲರಿಗೂ ತೋರಿಸುವುದೆಂದು ತೀರ್ಮಾನವಾಗಿತ್ತು. ನಾನು ಕಾರನ್ನು ಮೇಜಿನ ಮೇಲಿಟ್ಟು ನೋಡುತ್ತ ಕುಳಿತೆ. ಎಲ್ಲ ಸರಿ, ಆ ಬಾಗಿಲು ಮಾತ್ರ ಬೋಳು ಬೋಳು. ಬಾಬಣ್ಣನ ನಗು ಕಿವಿಯಲ್ಲಿ ಕೇಳಿಸಿತು. ನಾನು ಉಜ್ಜಿ ತೆಗೆದ ಆ ಗುಳ್ಳೆ ಕಣ್ಣಿಗೆ ಬಂತು. ಅಪ್ಪನಿಗೆ ಹತ್ತು ವರ್ಷದ ಹಿಂದಿನ ನೆನಪು, ಒಂದು ವಿವರ ಹೆಚ್ಚುಕಮ್ಮಿ ಆಗಿರಬಾರದೇ? ಹಿಡಿ ಇಲ್ಲದ ಬಾಗಿಲನ್ನು ಯಾವ ಕಂಪೆನಿ ಮಾಡೀತು? ಕೂದಲಿನ ಪಿನ್ನು ಮುರಿದು, ಬಗ್ಗಿಸಿ, ಎರಡು ಟ್ಯೂಬಿನ ಅಂಟು ಕಲಸಿ, ಬಾಗಿಲಿಗೆ ಒಂದರಂತೆ ಎರಡು ಹಿಡಿ ಅಂಟಿಸಿಬಿಟ್ಟೆ. ಅಪ್ಪನನ್ನು ನಗೆಪಾಟಲಿನಿಂದ ಉಳಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಬೆಳಿಗ್ಗೆ ಅಪ್ಪ ಕಾರನ್ನು ಎತ್ತಿಕೊಂಡರು. ಹೆಬ್ಬೆರಳು ಬಾಗಿಲಿನ ಮೇಲೆ ಬಂದು ನಿಂತಿತು.

"ಇದೆಂತ ಮಗಾ?"

"ಚಂದಕ್ಕೆ ಅಪ್ಪಾ" ಎಂದೆ, ಬೇರೆಲ್ಲೋ ನೋಡುತ್ತ.

ಅಪ್ಪ ಅದನ್ನು ಬೈರಾಸು ಟವಲಿನಲ್ಲಿ ಸುತ್ತಿಕೊಂಡು ಹೊರಟರು. ಕಾಲೇಜಿಗೆ ಅದೇ ಬಸ್ಸಾದ್ದರಿಂದ ನಾನೂ ಹಿಂದೆ ನಡೆದೆ.

ಹೋಟೆಲಿನಲ್ಲಿ ಕಾರು ಮೇಜಿನ ಮೇಲೆ ಇಳಿದದ್ದೇ ಜನ ಮುತ್ತಿದರು. ಚಹಾ ಕುಡಿಯುವವರು ಲೋಟ ಬಿಟ್ಟು ಬಂದರು. "ಭಾರಿ ಲಾಯ್ಕಾಗಿದೆ ಸಂಜೀವಣ್ಣ!" "ಇದು ಸೀಟಾ? ಹಾಳೆದ್ದಾ? ಅಯ್ಯಯ್ಯೋ!" ನಾನು ಒಂದಡಿ ಎತ್ತರ ಬೆಳೆದೆ. ಆಗ ಬಾಬಣ್ಣ ಚೀಲ ಕಂಕುಳಿಗೆ ಒತ್ತಿಕೊಂಡು ಬಗ್ಗಿ ನೋಡಿದ.

"ಓಹೋ! ಹಿಡಿ ಬಂತಲ್ಲ ಸಂಜೀವಣ್ಣ! ಹತ್ತು ವರ್ಷ ಹಿಡಿ ಇಲ್ಲ ಹಿಡಿ ಇಲ್ಲ ಅಂತ ಹೇಳಿ, ಈಗ ನಿಮ್ಮದೇ ಕಾರಿಗೆ ಎರಡೆರಡು ಹಿಡಿ! ಬಳ್ಳಿ ಎಂತ ಆಯ್ತು, ಕಡಿದು ಹೋಯ್ತಾ?"

ಹೋಟೆಲು ಹಾರಿಹೋಗುವಂತೆ ನಗು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಅಪ್ಪನನ್ನು ಉಳಿಸಲು ಹೋಗಿ ಅಪ್ಪನ ವಿರುದ್ಧ ನಾನೇ ಸಾಕ್ಷಿ ತಯಾರಿಸಿ ಕೊಟ್ಟಿದ್ದೆ. "ಅದು ನಾನು..." ಎಂದು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡದೆ, "ನಾನೇ ಇಡ್ಲಿಕ್ಕೆ ಹೇಳಿದ್ದು. ನನ್ನ ನೆನಪು ತಪ್ಪಿರ್ಬೇಕು. ನಡಿ ಬಾಬಣ್ಣ, ಟೈಮಾಯ್ತು" ಎಂದು ಎದ್ದರು.

ಆ ದಿನ ಪುತ್ತೂರಿನವರೆಗೆ ಅಪ್ಪನ ಬೆನ್ನು ನೋಡುತ್ತ ಕುಳಿತ ನನ್ನ ಅವಸ್ಥೆ ಶತ್ರುವಿಗೂ ಬೇಡ. ಕಾರು ಮನೆಯ ಕಪಾಟಿನ ಮೇಲೇರಿತು. ಅಪ್ಪ "ಹ್ಞೂಂ", "ಆಯ್ತು" ಕ್ಕೆ ವಾಪಸಾದರು. ಕ್ಷಮೆ ಕೇಳಬೇಕೆಂದು ದಿನಾ ಹೊರಡುತ್ತಿದ್ದೆ. ಬಾಯಿಗೆ ಬರುವಾಗ "ಅಪ್ಪಾ, ಚಹಾ ಬೇಕಾ?" ಎಂದಾಗುತ್ತಿತ್ತು.

ಮೂರನೆಯ ವಾರ, ಶನಿವಾರ. ಅರ್ಧ ದಿನದ ಕಾಲೇಜು ಮುಗಿಸಿ ಮನೆಗೆ ಬಂದರೆ ಬೊಂಬಾಯಿಯ ಲಕೋಟೆ. ಒಡೆದೆ. ಒಳಗೆ ಅಂಗೈಯಗಲದ ಫೋಟೋ, ಅದೇ ಕಾರು ಬದಿಯಿಂದ ತೆಗೆದದ್ದು. ಉದ್ದ ಮೂತಿ, ಕಡ್ಡಿಯ ಚಕ್ರ, ಬಾಗಿಲು. ನುಣ್ಣಗೆ, ಬೋಳಾಗಿ, ಹಿಡಿಯೇ ಇಲ್ಲದ ಬಾಗಿಲು! ಮಾವ ಕಾಗದದಲ್ಲಿ ಬರೆದಿದ್ದರು: "ಒಳಗೆ ಒಂದು ಬಳ್ಳಿ ಇರ್ತದಂತೆ, ಅದನ್ನು ಎಳೆದ್ರೆ ತೆರೆಯುದಂತೆ. ಭಾವ ಹೇಳಿದ್ದು ಕರೆಕ್ಟ್ ಅಂತ ಹೇಳು."

ಗಡಿಯಾರ ನೋಡಿದೆ. ಕಡಬದಿಂದ ಅಪ್ಪನ ಬಸ್ಸು ಬರುವ ಹೊತ್ತು. ಓಡಿದೆ ನೋಡಿ! ಲಂಗ ಎತ್ತಿ ಹಿಡಿದು, ಗದ್ದೆ ಬದುವಿನ ಹುಣಿಯಲ್ಲಿ, ಎದುರು ಬಂದ ದನವನ್ನು ದಾಟಿ, ಒಂದು ಚಪ್ಪಲಿ ಎಲ್ಲೋ ಬಿಟ್ಟು. "ಎಂತಾಯ್ತು, ಯಾರಿಗೆಂತಾಯ್ತು?" ಎಂದು ಕೇಳಿದವರಿಗೆ, "ಹಿಡಿ ಇಲ್ಲ! ಹಿಡಿ ಇಲ್ಲ!" ಎಂದೇ ಕೂಗಿ ಓಡಿದೆ. ಬಸ್ಸು ಹೊರಡಲು ಬಾಬಣ್ಣ ಸೀಟಿಯನ್ನು ಬಾಯಿಗಿಟ್ಟಿದ್ದ. ಮುಂದಿನ ಬಾಗಿಲಲ್ಲಿ ಹತ್ತಿ, ಅಪ್ಪನ ಪಕ್ಕ ಬೋನೆಟ್ಟಿಗೆ ಒರಗಿ ನಿಂತು, ಫೋಟೋ ಎತ್ತಿ ಹಿಡಿದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ.

"ಬಾಬಣ್ಣ, ನೋಡಿ! ಹಿಡಿ ಇಲ್ಲ! ಆ ದಿನ ಹಿಡಿ ಇಟ್ಟದ್ದು ನಾನು. ಅಪ್ಪ ಇಡ್ಲಿಕ್ಕೆ ಹೇಳಿದ್ದಲ್ಲ. ಅಪ್ಪ ಹೇಳಿದ್ದು ಒಂದಕ್ಷರ ಸುಳ್ಳಲ್ಲ!"

ಫೋಟೋ ಸೀಟಿನಿಂದ ಸೀಟಿಗೆ ಹೋಯಿತು. ಬಾಬಣ್ಣ ಅದನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ, ತಿರುಗಿಸಿ ಹಿಂಬದಿ ನೋಡಿದ. ಆಮೇಲೆ ಮುಂದೆ ಬಂದು, ನಗುವಿಲ್ಲದ ದನಿಯಲ್ಲಿ, "ಸಂಜೀವಣ್ಣ, ಆ ಬಳ್ಳಿ ಎಲ್ಲಿತ್ತು? ಒಮ್ಮೆ ಸರಿಯಾಗಿ ಹೇಳಿ ನೋಡುವಾ" ಎಂದ.

ಅಪ್ಪ ಇಂಜಿನ್ ಆಫ್ ಮಾಡಿದರು. ಹಾದಿಯಲ್ಲಿ ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸು ಜನ ಎತ್ತಿಕೊಂಡು ಹೋಗುವ ಕಾಲ ಅದು! ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು ಕಾವಿನಿಂದ ಶುರು ಮಾಡಿದರು. ಕಣಜ, ಊದಿದ ಕೈ, ಬಳ್ಳಿ, ಕುಂಬ್ರದ ತಿರುವು. ಕೈ ಬೀಸಿ ಬೀಸಿ, ಗೇರು ಹಾಕಿ ಹಾಕಿ. ಹಿಂದಿನ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ನಮ್ಮ ಬಸ್ಸಿನಿಂದ ಒಬ್ಬರೂ ಇಳಿಯಲಿಲ್ಲ. ಕತೆಯ ಕಾರು ಆಸ್ಪತ್ರೆ ಮುಟ್ಟಿದ ಮೇಲೆಯೇ ಬಾಬಣ್ಣ ಸೀಟಿ ಊದಿದ್ದು.

ನಾನು ಇಳಿಯುವಾಗ ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು. "ಇವರೆಲ್ಲ ಫೋಟೋ ನೋಡಿ ನಂಬಿದ್ರು ಮಗಾ, ಅಡ್ಡಿಲ್ಲ. ನೀನು ಫೋಟೋ ಇಲ್ಲದೆ ನಂಬಿದ್ದಿ ಅಂತ ನಾನು ಎಣಿಸಿದ್ದೆ."

ಬಸ್ಸು ಹೋಯಿತು. ನಾನು ಒಂಟಿ ಚಪ್ಪಲಿಯಲ್ಲಿ ಮನೆಗೆ ನಡೆದೆ. ಕಪಾಟಿನಿಂದ ಕಾರು ಇಳಿಸಿ, ಅಮ್ಮನ ಇಕ್ಕುಳದಲ್ಲಿ ಎರಡೂ ಹಿಡಿಗಳನ್ನು ಕಿತ್ತೆ. ಮೋನಪ್ಪಣ್ಣನ ಕೆಂಪೂ ಜೊತೆಗೆ ಎದ್ದು ಬಂದು ಬಾಗಿಲು ಗಾಯವಾದಂತಾಯಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ.

ಸಂಜೆ ಅಪ್ಪ ಬಂದರು. ಕೈಕಾಲು ತೊಳೆದು, ಕಾರನ್ನು ಎತ್ತಿ, ಸುಲಿದ ಬಾಗಿಲನ್ನು ಒಂದು ಕ್ಷಣ ನೋಡಿದರು. ಮತ್ತೆ ಮೋಟುಕಾಲಿನ ಮಣೆಯನ್ನು ಕಾಲಲ್ಲೇ ಎಳೆದುಕೊಂಡು, ಅದರ ಮೇಲೆ ಕಾಲು ಚಾಚಿ ಕುಳಿತು, ಕಣ್ಣು ಮುಚ್ಚಿದರು.

"ಒಳಗಿನ ಬಳ್ಳಿ ಇನ್ನೂ ಕಟ್ಲಿಲ್ಲ ನೀನು" ಎಂದರು. "ಒಂದು ನೂಲು ತೆಕ್ಕೊಂಡು ಬಾ. ಎಲ್ಲಿ ಅಂತ ನಾನು ಹೇಳ್ತೇನೆ."